ಮರಳಿ ಕಟ್ಟಿದ ಕಾರು: ಕಾಗದದ ಸಾಕ್ಷ್ಯ, ಒಡಲಿನ ಸಾಕ್ಷ್ಯ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಮೋಟಾರು ವಾಹನದ ಒಡೆತನವನ್ನು ಸಾರುವ ಪತ್ರಕ್ಕೆ ‘ಟೈಟಲ್’ ಎಂದು ಹೆಸರು. ಭಾಷಾಂತರದ ಪ್ರಶ್ನಪತ್ರಿಕೆಯಲ್ಲಿ ಈ ಪದವನ್ನು ಕೊಟ್ಟರೆ ಬಹುಮಂದಿ ‘ಶೀರ್ಷಿಕೆ’ ಎಂದು ಬರೆದಾರು. ಇಲ್ಲಿ ಅದು ‘ಹಕ್ಕುಪತ್ರ’. ಅಪಘಾತದಲ್ಲಿ ನಜ್ಜುಗುಜ್ಜಾದ ಅಥವಾ ನೆರೆಯಲ್ಲಿ ಮುಳುಗಿದ ಕಾರನ್ನು ದುರಸ್ತಿ ಮಾಡಿಸುವುದು ಲಾಭಕರವಲ್ಲವೆಂದು ವಿಮಾ ಕಂಪನಿ ಕೈಬಿಟ್ಟಾಗ, ಅಲ್ಲಿಯ ರಾಜ್ಯ ಸರ್ಕಾರಗಳು ಆ ಹಕ್ಕುಪತ್ರದ ಮೇಲೆ ‘ಸಾಲ್ವೇಜ್’ ಎಂಬ ಮುದ್ರೆಯನ್ನು ಒತ್ತುತ್ತವೆ. ಮುಂದೆ ಯಾರಾದರೂ ಅದನ್ನು ಕೊಂಡು, ಸರಿಪಡಿಸಿ, ತಪಾಸಣೆಗೆ ಒಪ್ಪಿಸಿ ತೇರ್ಗಡೆಯಾದರೆ ಮುದ್ರೆ ‘ರೀಬಿಲ್ಟ್’ ಎಂದು ಬದಲಾಗುತ್ತದೆ. ಆ ಪದವು ಕಾರಿನ ಆಯುಷ್ಯವಿಡೀ ಅದರ ಬೆನ್ನು ಬಿಡಬಾರದೆಂಬುದೇ ಆ ವ್ಯವಸ್ಥೆಯ ಉದ್ದೇಶ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಇಂಥ ವಾಹನಗಳನ್ನು ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲೆರಡು ಮತ್ತೆ ರಸ್ತೆಗೆ ಬರುವಂತಿಲ್ಲ. ‘ಎಸ್’ ಎಂದರೆ ಒಡಲಿನ ಚೌಕಟ್ಟಿಗೇ ಏಟು ಬಿದ್ದಿದೆ, ‘ಎನ್’ ಎಂದರೆ ಚೌಕಟ್ಟು ಉಳಿದಿದೆ ಎಂದರ್ಥ.

ನಮ್ಮ ದೇಶದ ನೋಂದಣಿ ಪತ್ರದಲ್ಲಿ ಇಂಥದೊಂದು ಪದಕ್ಕೆ ಸ್ಥಳವಿಲ್ಲ. ಮುರಿದು ಕಟ್ಟಿದ ಕಾರಿನ ಪತ್ರಕ್ಕೂ ಗೀರು ಬೀಳದ ಕಾರಿನ ಪತ್ರಕ್ಕೂ ನೋಟದಲ್ಲಿ ಭೇದವಿರುವುದಿಲ್ಲ. ಕಡಿಮೆ ಬೆಲೆಗೆ ಹಳೆಯ ಕಾರನ್ನು ಕೊಳ್ಳಹೊರಟವರಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ಪತ್ರ ಬರೆಯದೆ ಬಿಟ್ಟ ಆ ಪದವನ್ನು ಓದಿಕೊಳ್ಳುವ ಬಗೆ ಹೇಗೆಂಬುದೇ ಈ ಲೇಖನದ ವಸ್ತು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯಲು ಕಾರಣಗಳಿವೆ. ಉಪಭಾಷೆಯ ಅಧ್ಯಯನಕ್ಕೆಂದು ನಮ್ಮ ತಂಡ ತಮಿಳುನಾಡಿನ ತೇನಿ ಜಿಲ್ಲೆಗೆ, ಕಂಬಂ ಕಣಿವೆಗೆ ಹೋದಾಗ ಪದಪಟ್ಟಿಯನ್ನು ತುಂಬಿಸುವ ನಡುವೆ ಹೆಚ್ಚು ಚರ್ಚೆಗೆ ಬಂದ ಸಂಗತಿ ಹಳೆಯ ಕಾರಿನದು. ನಮ್ಮ ವಿಭಾಗದಿಂದ ಪದವಿ ಪಡೆದು ಹೊರಟವರಲ್ಲಿಯೂ ಮೊದಲ ಸಂಬಳದ ಉಳಿತಾಯದಲ್ಲಿ ಎರಡು-ಮೂರು ಲಕ್ಷದ ಕಾರನ್ನು ಹುಡುಕುವವರು ಅನೇಕರು. ಅದಲ್ಲದೆ ಗ್ರಂಥಸಂಪಾದನೆ, ಶಾಸನಶಾಸ್ತ್ರಗಳನ್ನು ಓದಿದವರಿಗೆ ಈ ಕೆಲಸದ ಅರ್ಧ ಭಾಗ ಮೊದಲೇ ತಿಳಿದಿರುತ್ತದೆ ಎಂಬುದು ನನ್ನ ಅನುಭವ.

ಮೊದಲು ವಿಮೆಯ ಲೆಕ್ಕವನ್ನು ತಿಳಿಯಬೇಕು. ಕಾರಿಗೆ ವಿಮೆ ಮಾಡಿಸುವಾಗ ಅದರ ‘ಘೋಷಿತ ಮೌಲ್ಯ’ವೊಂದನ್ನು ಗೊತ್ತುಮಾಡುತ್ತಾರೆ, ವ್ಯವಹಾರದಲ್ಲಿ ಇದಕ್ಕೆ ‘ಐಡಿವಿ’ ಎನ್ನುತ್ತಾರೆ. ಹೊಸ ಕಾರಿನ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ಶೇ. 5, ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50 ಎಂದು ಸವಕಳಿಯನ್ನು ಕಳೆಯುತ್ತಾ ಹೋಗುತ್ತಾರೆ. ಐದು ವರ್ಷ ಕಳೆದ ಮೇಲೆ ಕಂಪನಿಯೂ ಮಾಲೀಕನೂ ಒಪ್ಪಿ ಮೌಲ್ಯ ನಿರ್ಧರಿಸಬೇಕು. ಅಪಘಾತದ ತರುವಾಯ ದುರಸ್ತಿಯ ಅಂದಾಜು ಈ ಮೌಲ್ಯದ ಶೇ. 75ನ್ನು ಮೀರಿದರೆ ಅದು ‘ಪೂರ್ಣನಷ್ಟ’ ಎನಿಸಿಕೊಳ್ಳುತ್ತದೆ. ಗ್ಯಾರೇಜಿನವರ ಬಾಯಲ್ಲಿ ‘ಟೋಟಲ್ ಲಾಸ್’.

ಇಲ್ಲಿ ಒಂದು ಸೂಕ್ಷ್ಮವಿದೆ. ಆರು ಲಕ್ಷಕ್ಕೆ ಕೊಂಡ ಕಾರು ನಾಲ್ಕೂವರೆ ವರ್ಷದ್ದಾದಾಗ ಅದರ ಘೋಷಿತ ಮೌಲ್ಯ ಮೂರು ಲಕ್ಷ. ಅದರ ಮುಕ್ಕಾಲು ಪಾಲು ಎರಡೂಕಾಲು ಲಕ್ಷ. ಮುಂಭಾಗಕ್ಕೆ ಏಟು ಬಿದ್ದು ಬಾನೆಟ್, ರೇಡಿಯೇಟರ್, ಎರಡು ದೀಪ, ಎರಡು ಏರ್‌ಬ್ಯಾಗ್ ಹೋದವೆನ್ನಿ. ಕಂಪನಿಯ ಸ್ವಂತ ಕಾರ್ಯಾಗಾರದಲ್ಲಿ ಎಲ್ಲವನ್ನೂ ಹೊಸ ಬಿಡಿಭಾಗಗಳಿಂದ ಸರಿಪಡಿಸುವ ಅಂದಾಜು ಆ ಗಡಿಯನ್ನು ಮುಟ್ಟುವುದು ಕಷ್ಟವೇನಲ್ಲ. ಇದೇ ಏಟು ಒಂದು ವರ್ಷದ ಕಾರಿಗೆ ಬಿದ್ದಿದ್ದರೆ ಅದು ಬರಿಯ ದುರಸ್ತಿ ಎನಿಸುತ್ತಿತ್ತು. ಎಂದರೆ ‘ಪೂರ್ಣನಷ್ಟ’ ಎಂಬುದು ಗಾಯದ ಆಳವನ್ನು ಹೇಳುವ ಪದವಲ್ಲ, ಎರಡು ಅಂಕಿಗಳ ಅನುಪಾತವನ್ನು ಹೇಳುವ ಪದ. ಮರಳಿ ಕಟ್ಟಿದ ಕಾರನ್ನೆಲ್ಲ ತಿರಸ್ಕರಿಸಬೇಕೆನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣದಿಂದ. ಚೌಕಟ್ಟು ನೆಟ್ಟಗಿರುವ, ಹಣದ ಲೆಕ್ಕದಲ್ಲಿ ಮಾತ್ರ ಸತ್ತ ಕಾರುಗಳೂ ಇವೆ. ನಡುವಿಗೇ ಮುರಿದು, ಬೇರೊಂದರ ಹಿಂಭಾಗವನ್ನು ಬೆಸೆದುಕೊಂಡು ಎದ್ದುಬಂದವೂ ಇವೆ. ಪತ್ರದಲ್ಲಿ ಎರಡೂ ಒಂದೇ.

ಹೀಗೇಕಾಯಿತೆಂಬುದಕ್ಕೆ ಉತ್ತರ ಕಾನೂನಿನ ಭಾಷೆಯಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನ ಪ್ರಕಾರ, ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಅಧಿಕಾರಿಗೆ ತಿಳಿಸಿ ಪತ್ರವನ್ನು ಒಪ್ಪಿಸಬೇಕು. ಆಗ ನೋಂದಣಿ ರದ್ದಾಗುತ್ತದೆ. ಆದರೆ ವಿಮೆಯ ಪೂರ್ಣನಷ್ಟವೆಂದರೆ ‘ಶಾಶ್ವತವಾಗಿ ಬಳಕೆಗೆ ಬಾರದ್ದು’ ಎಂದಲ್ಲ, ‘ದುರಸ್ತಿ ಕಟ್ಟುಬೀಳದ್ದು’ ಎಂದಷ್ಟೆ. ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಒಂದು ವ್ಯಾಪಾರವೇ ಬೆಳೆದಿದೆ. ಕಂಪನಿಯು ಮಾಲೀಕನಿಗೆ ಹಣ ಕೊಡುತ್ತದೆ. ಜಖಂ ಕಾರು ಹರಾಜಿನಲ್ಲಿ ಯಾರಿಗೋ ಸೇರುತ್ತದೆ. ನೋಂದಣಿ ಪತ್ರ ಜೀವಂತವಾಗಿದ್ದರೆ ಆ ಕಾರಿಗೆ ಬೆಲೆ ಹೆಚ್ಚು. ಕೊಂಡವನು ಹಳೆಯ ಬಿಡಿಭಾಗಗಳಿಂದ ಅದನ್ನು ಎಬ್ಬಿಸಿ ನಿಲ್ಲಿಸಿ ಮಾರುತ್ತಾನೆ. ಇದು ತನ್ನಷ್ಟಕ್ಕೆ ಅಪರಾಧವಲ್ಲ, ಮುಚ್ಚಿಡುವುದು ಅಪರಾಧ. ಇನ್ನೊಂದು ಕೆಡುಕಿನ ದಾರಿಯೂ ಉಂಟು: ಜಖಂ ಕಾರಿನ ಪತ್ರವನ್ನೂ ಚಾಸಿಸ್ ಸಂಖ್ಯೆಯನ್ನೂ ಕದ್ದ ಕಾರಿಗೆ ತೊಡಿಸುವುದು. ಅಂಥದ್ದನ್ನು ತಿಳಿಯದೆ ಕೊಂಡರೂ ಪೊಲೀಸರು ಬಂದಾಗ ಕಾರೂ ಹೋಗುತ್ತದೆ, ಹಣವೂ ಹೋಗುತ್ತದೆ.

ಪದಗಳ ಮಾತು ಬಂದುದರಿಂದ ಒಂದು ಚಿಕ್ಕ ವಿಷಯಾಂತರ. ಗಡಿಭಾಗದ ನನ್ನ ಶಾಲೆಯಲ್ಲಿ ಮರಾಠಿ, ಕನ್ನಡ ಎರಡೂ ಪಾಠ ನಡೆಯುತ್ತಿದ್ದವು. ಮರಾಠಿಯಲ್ಲಿ ‘ಭಂಗಾರ’ ಎಂದರೆ ಮುರುಕು ಲೋಹ, ಗುಜರಿಗೆ ಹೋಗುವ ಸಾಮಾನು. ನಮ್ಮ ಕಡೆಯ ಕನ್ನಡದಲ್ಲಿ ಅದೇ ಉಚ್ಚಾರದ ‘ಭಂಗಾರ’ ಚಿನ್ನ. ಬೀದಿಯಲ್ಲಿ ‘ಭಂಗಾರವಾಲಾ’ ಎಂದು ಕೂಗಿದಾಗ ಒಂದು ಮನೆಯವರು ಮುರಿದ ಬಕೆಟ್ಟು ತಂದರೆ ಇನ್ನೊಂದು ಮನೆಯವರು ನಗುತ್ತಿದ್ದರು. ತೇನಿಯಲ್ಲಿ ಅಂಥ ಅಂಗಡಿಗೆ ತಮಿಳಿನಲ್ಲಿ ‘ಕಾಯಲಾನ್ ಕಡೈ’ ಎನ್ನುತ್ತಾರೆ. ಮರಳಿ ಕಟ್ಟಿದ ಕಾರಿನ ವ್ಯಾಪಾರ ನಿಂತಿರುವುದು ಮರಾಠಿಯ ಭಂಗಾರವನ್ನು ಕನ್ನಡದ ಭಂಗಾರವೆಂದು ಮಾರುವುದರ ಮೇಲೆಯೇ.

ಇನ್ನು ಸ್ಥಳದ ಸಂಗತಿ. ತೇನಿ, ಬೋಡಿನಾಯಕನೂರು, ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು – ಪೆರಿಯಾರ್ ಅಣೆಕಟ್ಟಿನಿಂದ 1895ರಿಂದ ನೀರು ಪಡೆಯುತ್ತಿರುವ ಈ ಕಣಿವೆಯಲ್ಲಿ ಭತ್ತ, ಬಾಳೆ, ದ್ರಾಕ್ಷಿ ಬೆಳೆಯುತ್ತವೆ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಇಲ್ಲಿಯ ಹಳ್ಳಿಗಳಲ್ಲಿ ಕಪ್ಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾ ಬಂದಿದ್ದಾರೆ. ದೇವಾಂಗ ನೇಕಾರರಲ್ಲಿಯೂ ದಿಂಡಿಗಲ್ಲಿನ ಸುತ್ತಲಿನ ಅನುಪ್ಪರಲ್ಲಿಯೂ ಕನ್ನಡ ಉಳಿದುಬಂದಿದೆ. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಕಂಬಂನ ಕಪ್ಪಿಲಿಯರ ದೇವರ ದನದ ಹಿಂಡಿನ ವರ್ಣನೆಯಿದೆ. ಹಿಂಡಿನ ಮುಂದಾಳು ಹೋರಿಗೆ ‘ಪಟ್ಟದ ಆವು’ ಎಂದು ಹೆಸರು. ಹಳಗನ್ನಡದ ‘ಆವು’ ಪದವನ್ನು ಪಠ್ಯದ ಅಡಿಟಿಪ್ಪಣಿಯಲ್ಲಿ ಮಾತ್ರ ಕಂಡವರು ಇದನ್ನು ಗಮನಿಸಬೇಕು. ಪಟ್ಟದ ಹೋರಿ ತೀರಿಕೊಂಡಾಗ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇಟ್ಟು, ಯಾವುದು ಬಂದು ಮೆಲ್ಲುವುದೋ ಅದಕ್ಕೆ ಪಟ್ಟ ಕಟ್ಟುವರೆಂದು ಅಲ್ಲಿ ಹೇಳಿದೆ. ದೇವರ ಹಿಂಡಿಗೆ ಆ ಕ್ರಮ ಸರಿ. ಉಳಿದ ದನವನ್ನು ಕೊಳ್ಳುವಾಗ ರೈತನು ಬಾಯಿ ತೆರೆಸಿ ಹಲ್ಲು ಎಣಿಸದೆ, ಸುಳಿ ನೋಡದೆ, ನಡೆಸಿ ನೋಡದೆ ಹಣ ಬಿಚ್ಚುವವನಲ್ಲ.

ಈ ಸೀಮೆಯಲ್ಲಿ ವಾಹನಕ್ಕೆ ಇರುವ ಬೇಡಿಕೆಗೆ ಕಾರಣ ಬೇರೆ ಹೇಳಬೇಕಿಲ್ಲ. ಮೀಟರ್‌ಗೇಜ್ ಹಳಿಯನ್ನು ಅಗಲಿಸಲೆಂದು ಮಧುರೆ–ಬೋಡಿ ರೈಲನ್ನು 2010ರ ಕೊನೆಯಲ್ಲಿ ನಿಲ್ಲಿಸಲಾಯಿತು. ತೇನಿಗೆ ಅದು ಮರಳಿ ಬಂದುದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನ್‌ನಲ್ಲಿ. ಕಂಬಂ, ಗೂಡಲೂರುಗಳಿಗೆ ಇಂದಿಗೂ ರೈಲಿಲ್ಲ. ಬೆಳಗಿನ ಜಾವ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಹೊತ್ತು ಘಟ್ಟ ಹತ್ತುವ ಜೀಪುಗಳಲ್ಲಿ ಒಂದರ ಎಂಜಿನ್, ಇನ್ನೊಂದರ ಗೇರ್‌ಪೆಟ್ಟಿಗೆ, ಮೂರನೆಯದರ ಬಾಗಿಲು ಕೂಡಿರುವುದನ್ನು ಅಲ್ಲಿ ಯಾರೂ ವಿಶೇಷವೆಂದು ಭಾವಿಸುವುದಿಲ್ಲ. ಕಟ್ಟುವ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. ಘಟ್ಟದ ಆಚೆ ಕೇರಳ. ಕುಮಿಳಿ, ಕಂಬಂಮೆಟ್ಟು, ಬೋಡಿಮೆಟ್ಟು ಎಂಬ ಮೂರು ದಾರಿಗಳಲ್ಲಿ ಕಾರುಗಳು ಇಳಿಯುತ್ತವೆ. ಆದುದರಿಂದ ತೇನಿಯ ಟಿಎನ್ 60, ದಿಂಡಿಗಲ್ಲಿನ ಟಿಎನ್ 57 ಫಲಕಗಳ ಪಕ್ಕದಲ್ಲಿ ಇಡುಕ್ಕಿಯ ಕೆಎಲ್ 06 ಫಲಕದವೂ ಮಾರಾಟಕ್ಕೆ ನಿಂತಿರುತ್ತವೆ.

ಕೇರಳದ ಕಾರನ್ನು ನೋಡುವಾಗ 2018ರ ಆಗಸ್ಟನ್ನೂ, ಚೆನ್ನೈಯ ಕಾರನ್ನು ನೋಡುವಾಗ 2015ರ ಡಿಸೆಂಬರನ್ನೂ, ಮಿಚಾಂಗ್ ಚಂಡಮಾರುತ ಬಂದ 2023ರ ಡಿಸೆಂಬರನ್ನೂ ನೆನಪಿನಲ್ಲಿಡಬೇಕು. ಆ ನೆರೆಗಳಲ್ಲಿ ಕಾರುಗಳು ನಿಂತಲ್ಲೇ ಮುಳುಗಿದವು. ಅಪಘಾತದ ಕಾರಿಗಿಂತ ನೆರೆಯ ಕಾರು ಹೆಚ್ಚು ಮೋಸಗಾರ. ಅದರ ಹೊರಮೈಯಲ್ಲಿ ಗಾಯವಿಲ್ಲ. ತೊಳೆದು ಒಣಗಿಸಿದರೆ ಹೊಳೆಯುತ್ತದೆ. ಕೆಸರುನೀರು ಹೊಕ್ಕ ತಂತಿಗಳ ಕೂಡುಗಳಲ್ಲಿ ಹಸಿರು ಕಿಲುಬು ತಿಂಗಳುಗಟ್ಟಲೆ ಮೆಲ್ಲಗೆ ಬೆಳೆದು, ಒಂದು ದಿನ ಘಟ್ಟದ ತಿರುವಿನಲ್ಲಿ ದೀಪವೋ ಸ್ಟಿಯರಿಂಗಿನ ವಿದ್ಯುತ್ ನೆರವೋ ಕೈಕೊಡುತ್ತದೆ. ಬೇರೆ ಯಾವ ದೋಷಕ್ಕಾದರೂ ಬೆಲೆ ಇಳಿಸಿ ಕೊಳ್ಳಬಹುದು. ಡ್ಯಾಶ್‌ಬೋರ್ಡಿನವರೆಗೆ ನೀರು ಏರಿದ ಕಾರನ್ನು ಯಾವ ಬೆಲೆಗೂ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಈಗ ಓದುವ ಕ್ರಮ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದ್ದನ್ನು ನೀವು ಓದಿದ್ದೀರಿ. ಪಟದಲ್ಲಿ ಬರೆದ ಕಾಲ ಒಂದು, ಅಕ್ಷರಗಳ ರೂಪ ಹೇಳುವ ಕಾಲ ಇನ್ನೊಂದು. ಅಲ್ಲಿಂದ ಸಂಶಯ ಹುಟ್ಟುತ್ತದೆ. ಕಾರಿನಲ್ಲಿಯೂ ಬರೆದದ್ದು, ಬರೆಯದದ್ದು ಎಂಬ ಎರಡು ಬಗೆಯ ಸಾಕ್ಷ್ಯಗಳಿವೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು.

ಬರೆದದ್ದರಲ್ಲಿ ಮೊದಲನೆಯದು ನೋಂದಣಿ ಪತ್ರ. ಅದನ್ನು ಕೇಂದ್ರ ಸರ್ಕಾರದ ‘ವಾಹನ್’ ತಾಣದಲ್ಲಿ ಅಥವಾ ‘ಎಂಪರಿವಾಹನ್’ ಆ್ಯಪ್‌ನಲ್ಲಿ ಹೋಲಿಸಿ ನೋಡಬಹುದು: ಎಷ್ಟನೆಯ ಮಾಲೀಕ, ಸಾಲದ ಅಡಮಾನ ತೀರಿದೆಯೇ, ವಿಮೆ ಎಂದಿನವರೆಗೆ, ದಂಡದ ಬಾಕಿ ಇದೆಯೇ ಎಂಬವು ತಿಳಿಯುತ್ತವೆ. ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರಾಂಕಗಳಿರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಎಂಬ ಮೂರು ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗದಿರಲೆಂದು. ಓಲೆಗರಿಯಲ್ಲಿ ಪಕಾರ–ವಕಾರಗಳ ಗೊಂದಲದಿಂದ ಹುಟ್ಟಿದ ಪಾಠಾಂತರಗಳನ್ನು ಬಲ್ಲವರಿಗೆ ಈ ಮುನ್ನೆಚ್ಚರಿಕೆ ಮೆಚ್ಚಿಕೆಯಾದೀತು. ಒಡಲಿನ ಮೇಲೆ ಒತ್ತಿದ ಸಂಖ್ಯೆಯಲ್ಲಿ ಆ ಅಕ್ಷರಗಳಲ್ಲೊಂದು ಕಂಡರೆ, ಅಂಕಿಗಳ ಅಂತರ ಏರುಪೇರಾಗಿದ್ದರೆ, ಸುತ್ತಲಿನ ತಗಡನ್ನು ಉಜ್ಜಿ ಬಣ್ಣ ಬಳಿದಿದ್ದರೆ ಅಲ್ಲಿಗೆ ಮಾತು ನಿಲ್ಲಿಸಿ ಬರುವುದು ಲೇಸು.

ನನಗೆ ಎಲ್ಲಕ್ಕಿಂತ ಹೆಚ್ಚು ಮಾತನಾಡುವ ಕಾಗದವಾಗಿ ಕಂಡದ್ದು ವಿಮಾ ಪತ್ರ. ವರ್ಷದಲ್ಲಿ ಪರಿಹಾರ ಕೇಳದ ಮಾಲೀಕನಿಗೆ ಮರುವರ್ಷ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ, ಅದು ಶೇ. 20ರಿಂದ ತೊಡಗಿ 25, 35, 45, ಕೊನೆಗೆ 50 ಆಗುತ್ತದೆ. ಒಮ್ಮೆ ಪರಿಹಾರ ಕೇಳಿದರೆ ಮರಳಿ ಸೊನ್ನೆ. ಆರು ವರ್ಷ ಒಬ್ಬನೇ ಮಾಲೀಕನಲ್ಲಿದ್ದ, ‘ಒಂದು ಗೀರೂ ಬಿದ್ದಿಲ್ಲ’ ಎನ್ನುವ ಕಾರಿನ ಪತ್ರದಲ್ಲಿ ರಿಯಾಯಿತಿ ಸೊನ್ನೆಯಾಗಿದ್ದರೆ ಕೇಳಬೇಕಾದ ಪ್ರಶ್ನೆ ಹುಟ್ಟಿತೆಂದೇ ಅರ್ಥ. ಆದರೆ ಈ ರಿಯಾಯಿತಿ ವ್ಯಕ್ತಿಯದು, ಕಾರಿನದಲ್ಲ. ಮಾಲೀಕ ಬದಲಾದಾಗ ಕಾರಿನೊಂದಿಗೆ ಬರುವುದಿಲ್ಲ. ಪತ್ರದ ಅವಧಿ ಮುಗಿದು 90 ದಿನ ಕಳೆದರೂ ಅದು ಹೋಗುತ್ತದೆ. ಆದುದರಿಂದ ಸೊನ್ನೆಯೊಂದೇ ಸಾಕ್ಷ್ಯವಾಗದು. ಅದರೊಂದಿಗೆ ವಿಮೆಯಲ್ಲಿ ತಿಂಗಳುಗಟ್ಟಲೆ ಖಾಲಿ ಅವಧಿಯಿದೆಯೇ ಎಂದು ನೋಡಬೇಕು. ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ ಕಾರಿಗೆ ಯಾರೂ ವಿಮೆ ಕಟ್ಟುವುದಿಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರನೆಯ ವ್ಯಕ್ತಿಯ ವಿಮೆಯನ್ನು ಮೂರು ವರ್ಷಕ್ಕೆ ಒಮ್ಮೆಲೇ ಮಾಡಿಸಬೇಕಾದ ಕಾರಣ, ಅನಂತರದ ಕಾರುಗಳಲ್ಲಿ ಈ ಖಾಲಿ ಅವಧಿಯನ್ನು ಸ್ವಂತ ಹಾನಿಯ ವಿಮೆಯಲ್ಲಿ ಹುಡುಕಬೇಕು. ಕಂಪನಿಯ ಅಧಿಕೃತ ಕಾರ್ಯಾಗಾರದಲ್ಲಿ ಸೇವೆಯ ದಾಖಲೆಗಳು ಇದ್ದಕ್ಕಿದ್ದಂತೆ ನಿಂತುಹೋದ ದಿನಾಂಕವೂ ಈ ಖಾಲಿ ಅವಧಿಯೂ ಸರಿಹೊಂದಿದರೆ ಬರೆಯದೆ ಬಿಟ್ಟ ಪದ ಹೆಚ್ಚುಕಡಿಮೆ ಓದಿಬಂದಂತೆ.

ಇನ್ನು ಬರೆಯದ ಸಾಕ್ಷ್ಯ. ಕಾರಿನ ಪ್ರತಿಯೊಂದು ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆಯೂ ತಯಾರಾದ ವರ್ಷದ ಸಂಕೇತವೂ ಇರುತ್ತವೆ. ಸೀಟ್‌ಬೆಲ್ಟಿನ ಬುಡದಲ್ಲಿ ಹೊಲಿದ ಪಟ್ಟಿಯ ಮೇಲೂ ದಿನಾಂಕವಿರುತ್ತದೆ. 2016ರ ಕಾರಿನಲ್ಲಿ ಒಂದು ಗಾಜು ಮಾತ್ರ 2019ರದಾದರೆ ಕಲ್ಲು ಸಿಡಿದು ಒಡೆದಿರಬಹುದು, ಅದು ಸಾಮಾನ್ಯ. ಮುಂದಿನ ಗಾಜು, ಎಡಗಡೆಯ ಎರಡು ಬಾಗಿಲ ಗಾಜು, ಎಡ ಸೀಟಿನ ಬೆಲ್ಟು ಒಟ್ಟಿಗೆ 2019ರವಾದರೆ ಏಟು ಬಿದ್ದ ದಿಕ್ಕೂ ಕಾಲವೂ ತಿಳಿದಂತಾಯಿತು. ಬಾಗಿಲ ಅಂಚಿನ ರಬ್ಬರನ್ನು ಎಳೆದು ನೋಡಿದರೆ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳು ಸಮಾಂತರದಲ್ಲಿ ಇರುತ್ತವೆ. ಕೈಯಿಂದ ಮಾಡಿದ ಬೆಸುಗೆ ಉಬ್ಬುತಗ್ಗಾಗಿ ಓಡುತ್ತದೆ. ಬಾನೆಟ್, ಮಡ್‌ಗಾರ್ಡುಗಳ ಬೋಲ್ಟಿನ ತಲೆಯ ಬಣ್ಣ ಕಿತ್ತಿದ್ದರೆ ಅವನ್ನು ಒಮ್ಮೆ ಬಿಚ್ಚಿದ್ದಾರೆ. ನೆರೆಯ ಕಾರನ್ನು ಹಿಡಿಯಲು ಸೀಟ್‌ಬೆಲ್ಟನ್ನು ತುದಿಯವರೆಗೂ ಎಳೆಯಿರಿ; ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಚಕ್ರದ ಗುಂಡಿ, ಸೀಟಿನ ಕಂಬಿಗಳ ತುಕ್ಕು, ನೆಲಹಾಸಿನ ಅಡಿಯ ಮಣ್ಣು ಇವೂ ಸುಳ್ಳು ಹೇಳುವುದಿಲ್ಲ.

ಏರ್‌ಬ್ಯಾಗಿನ ವಿಷಯದಲ್ಲಿ ಮಾತ್ರ ನಿಧಾನಿಸಬೇಕು, ಇದು ಜೀವದ ಪ್ರಶ್ನೆ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು. ಮುಂದಿನ ಪ್ರಯಾಣಿಕನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳಿಗೆ 2021ರ ಡಿಸೆಂಬರ್ ಕೊನೆಯ ಗಡುವಿನ ಬಳಿಕ. ಒಮ್ಮೆ ಸಿಡಿದ ಚೀಲವನ್ನು ಮತ್ತೆ ಮಡಿಚಿಟ್ಟು ಬಳಸುವಂತಿಲ್ಲ, ಹೊಸದಕ್ಕೆ ಬೆಲೆ ಹೆಚ್ಚು. ಆದುದರಿಂದ ಅಗ್ಗದ ಕಟ್ಟುಗಾರಿಕೆಯಲ್ಲಿ ಮೊದಲು ಕೈಬಿಡುವುದು ಇದನ್ನೇ: ಮೇಲಿನ ಮುಚ್ಚಳವನ್ನು ಮಾತ್ರ ಹೊಸದಾಗಿ ಕೂರಿಸಿ ಒಳಗೆ ಖಾಲಿ ಬಿಡುತ್ತಾರೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಎಚ್ಚರಿಕೆಯ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತದೆಯೇ ಇದ್ದರೆ ದೋಷವನ್ನು ಮುಚ್ಚಿದ್ದಾರೆ. ಸರಿಯಾಗಿ ಹೊತ್ತಿ ಆರಿದರೂ ಪೂರ್ತಿ ನೆಮ್ಮದಿಯಿಲ್ಲ. ಚೀಲದ ಬದಲು ಒಂದು ಚಿಕ್ಕ ರೆಸಿಸ್ಟರನ್ನು ಜೋಡಿಸಿ ಕಾರಿನ ಗಣಕವನ್ನು ನಂಬಿಸುವ ಉಪಾಯವೂ ಚಾಲ್ತಿಯಲ್ಲಿದೆ. ಸಂಶಯವಿದ್ದರೆ ಬಲ್ಲ ಮೆಕ್ಯಾನಿಕನಿಂದ ಬಿಚ್ಚಿಸಿ ನೋಡುವುದೇ ದಾರಿ. ಅದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರಬೇಕು.

ಓಡಿಸಿ ನೋಡುವುದಕ್ಕೆ ತೇನಿಯವರಿಗೆ ಇರುವ ಅನುಕೂಲ ಬಯಲಿನವರಿಗಿಲ್ಲ. ದಿಂಡಿಗಲ್ಲಿನ ಕಡೆಯ ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಸಡಿಲ ಹಿಡಿದರೆ ಕಾರು ಒಂದು ಬದಿಗೆ ಎಳೆಯುತ್ತದೆಯೇ ಎಂದು ತಿಳಿಯುತ್ತದೆ. ಅನಂತರ 183ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲೋಯರ್ ಕ್ಯಾಂಪ್ ದಾಟಿ ಕುಮಿಳಿ ಘಟ್ಟದ ಎರಡು-ಮೂರು ತಿರುವು ಹತ್ತಿಳಿದರೆ ಚೌಕಟ್ಟಿನ ವಕ್ರತೆ, ಬ್ರೇಕಿನ ಪಕ್ಷಪಾತ, ತುಂಬು ಭಾರದಲ್ಲಿ ಬೆಸುಗೆಯ ಕೂಡುಗಳ ನರಳಾಟ ಎಲ್ಲವೂ ಕೇಳಿಸುತ್ತವೆ. ಟೈರುಗಳ ಒಂದು ಅಂಚು ಮಾತ್ರ ಸವೆದಿದ್ದರೆ ಇದೆಲ್ಲದರ ಸುಳಿವು ನಿಂತ ಕಾರಿನಲ್ಲೇ ಸಿಕ್ಕಿರುತ್ತದೆ.

ನಾವು ಕಂಡ ಒಂದು ವ್ಯವಹಾರವನ್ನು ಇಲ್ಲಿ ಹೇಳುವುದು ಉಚಿತ. ಉತ್ತಮಪಾಳಯದ ಸಮೀಪದ ಹಳ್ಳಿಯೊಂದರಲ್ಲಿ ಕನ್ನಡ ಮನೆಮಾತಿನ ಕುಟುಂಬವೊಂದು ಕೆಎಲ್ 06 ಫಲಕದ 2016ರ ಕಾರನ್ನು ನೋಡುತ್ತಿತ್ತು. ಅದೇ ಮಾದರಿಯ ಕಾರಿಗೆ ಬೇರೆಡೆ ಎರಡೂ ಮುಕ್ಕಾಲು ಲಕ್ಷ ಹೇಳುತ್ತಿದ್ದರು, ಇದಕ್ಕೆ ಎರಡಕ್ಕಿಂತ ಕಡಿಮೆ. ಮಾರುವವನೂ ಕನ್ನಡದವನೇ, ದೂರದ ನಂಟ. ಅಲ್ಲಿಯ ಕನ್ನಡಿಗರು ಬರೆಯುವುದು ತಮಿಳಿನಲ್ಲಿ, ಸರ್ಕಾರಿ ಕಾಗದ ಓದುವುದು ಇಂಗ್ಲಿಷಿನಲ್ಲಿ. ಕನ್ನಡ ಅವರಿಗೆ ಬರಿಯ ಮಾತು, ಆದುದರಿಂದಲೇ ಅದು ನಂಬಿಕೆಯ ಭಾಷೆ. ‘ನಮ್ಮ ಮಾತಿನವನು’ ಎಂದ ಮೇಲೆ ಕಾಗದ ಕೇಳುವುದು ಅವಮಾನವೆಂದು ಮನೆಯ ಹಿರಿಯರಿಗೆ ತೋರಿತು. ಕೊನೆಗೆ ಕಾಗದ ಕೇಳಿದ್ದು ಬಿ.ಕಾಂ. ಓದುತ್ತಿದ್ದ ಮಗಳು. ವಿಮೆಯಲ್ಲಿ ಹದಿನಾಲ್ಕು ತಿಂಗಳ ಖಾಲಿ ಅವಧಿ. ಎಡಬದಿಯ ಗಾಜುಗಳೆಲ್ಲ 2019ರವು. ಮಾರುವವನ ಮುಖ ಕಂದಿತು. ಎರಡು ವರ್ಷದ ಹಿಂದೆ ತಾನೂ ತಿಳಿಯದೆಯೇ ಕೊಂಡಿದ್ದನೆಂದು ನನಗೆ ಅನ್ನಿಸಿತು. ಅವರು ಕಾರನ್ನು ಬಿಡಲಿಲ್ಲ. ಮೆಕ್ಯಾನಿಕ್ ಬಂದು ನೋಡಿ ಚೌಕಟ್ಟು ನೆಟ್ಟಗಿದೆ, ಎಡಬಾಗಿಲ ಕಂಬವನ್ನು ಮಾತ್ರ ಬೆಸೆದಿದ್ದಾರೆ ಎಂದ ಮೇಲೆ, ಇನ್ನೂ ನಲವತ್ತು ಸಾವಿರ ಇಳಿಸಿ, ಅದರಲ್ಲಿ ಒಂದಿಷ್ಟನ್ನು ಹೊಸ ಸೀಟ್‌ಬೆಲ್ಟು, ಬ್ರೇಕುಗಳಿಗೆ ಖರ್ಚು ಮಾಡಿ ಇಟ್ಟುಕೊಂಡರು. ದ್ರಾಕ್ಷಿತೋಟಕ್ಕೂ ಪೇಟೆಗೂ ಓಡಾಡಲು ಸಾಕು, ಘಟ್ಟ ಹತ್ತಿಸುವುದಿಲ್ಲ ಎಂದರು. ನಂಟಸ್ತಿಕೆಯೂ ಉಳಿಯಿತು.

ಬೆಲೆಯ ವಿಷಯದಲ್ಲಿ ಅಮೆರಿಕದಲ್ಲಿ ‘ರೀಬಿಲ್ಟ್’ ಮುದ್ರೆಯ ಕಾರಿಗೆ ಶೇ. 20ರಿಂದ 40ರಷ್ಟು ಕಡಿಮೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮಲ್ಲಿ ಮುದ್ರೆಯೇ ಇಲ್ಲದ ಕಾರಣ ಇಳಿಕೆಯನ್ನು ಕೊಳ್ಳುವವನೇ ವಾದಿಸಿ ಪಡೆಯಬೇಕು. ಮುಂದೆ ಮಾರುವಾಗ ತಾನೂ ಅದನ್ನು ಹೇಳಿಯೇ ಮಾರಬೇಕಾಗುತ್ತದೆಂಬುದನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಆತನು ನೋಂದಣಿ ಅಧಿಕಾರಿಯಿಂದ ಅಧಿಕಾರಪತ್ರ ಪಡೆದಿರಬೇಕು. ಮಾಲೀಕನು ಕಾರನ್ನು ಆತನಿಗೆ ಒಪ್ಪಿಸಿದುದನ್ನು 29ಸಿ ನಮೂನೆಯಲ್ಲಿ ತಿಳಿಸಿದ ಮೇಲೆ ಆ ಕಾರಿನ ಹೊಣೆಯೆಲ್ಲ ವ್ಯಾಪಾರಿಯದು. ಈ ಪತ್ರವಿರುವ ವ್ಯಾಪಾರಿ ಸುಳ್ಳು ಹೇಳಿ ಮಾರಿದರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯ ಅಡಿಯಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ದಾರಿ ಇಲ್ಲವೆಂದೇ ತಿಳಿಯಿರಿ. 1930ರ ಸರಕು ಮಾರಾಟ ಕಾಯಿದೆ ಒಡೆತನದ ಹಕ್ಕಿಗೆ ಮಾರುವವನನ್ನು ಹೊಣೆ ಮಾಡುತ್ತದೆ. ಗುಣದ ವಿಷಯದಲ್ಲಿ ಬಹುಮಟ್ಟಿಗೆ ಕೊಳ್ಳುವವನ ಕಣ್ಣಿಗೇ ಬಿಡುತ್ತದೆ. ಆದುದರಿಂದ ಅಪಘಾತ, ನೆರೆ, ಪೂರ್ಣನಷ್ಟಗಳ ಬಗ್ಗೆ ಮಾರುವವನು ಹೇಳಿದ್ದನ್ನು ಕರಾರಿನಲ್ಲಿ ಒಂದು ಸಾಲಾಗಿ ಬರೆಸಿಕೊಳ್ಳಬೇಕು. ಕನ್ನಡದಲ್ಲಿ ಆಡಿದ ಮಾತನ್ನು ತಮಿಳಿನಲ್ಲಿ ಬರೆಸಿಕೊಂಡರೂ ಅದು ಬರಹವೇ.

ಹಣ ಕೊಟ್ಟ ಮೇಲೆ ವಿಳಂಬ ಸಲ್ಲದು. ಮಾರುವವನ 29ನೆಯ ನಮೂನೆ, ಇಬ್ಬರ 30ನೆಯ ನಮೂನೆ, ಸಾಲವಿದ್ದಿದ್ದರೆ ಬ್ಯಾಂಕು ಸಹಿ ಮಾಡಿದ 35ನೆಯ ನಮೂನೆ ಬೇಕು. ಕೇರಳದ ಕಾರಾದರೆ ಅಲ್ಲಿಯ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಹೊಸ ಸಂಖ್ಯೆ ಪಡೆದು ತೆರಿಗೆ ಕಟ್ಟಬೇಕು. ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಎಣಿಸದವರು ಮರುಗುತ್ತಾರೆ. ಪತ್ರದಲ್ಲಿ ಹೆಸರು ಬದಲಾಗದೆ ಕಾರು ಕೈಬದಲಾಯಿಸುತ್ತಾ ಹೋದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿದೆ. ಇದನ್ನು ಮಾರುವವನಿಗೆ ತಿಳಿಸಿದರೆ ಅವನೇ ಮುಂದೆ ನಿಂತು ಸಹಿ ಹಾಕುತ್ತಾನೆ.

ಉಳಿದದ್ದು ವಿಮೆಯ ಹೆಸರು. ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆ ಕಾರಿನೊಂದಿಗೆ ತಾನಾಗಿ ಬರುತ್ತದೆ. ಸ್ವಂತ ಕಾರಿನ ಹಾನಿಗೆ ಸಂಬಂಧಿಸಿದ್ದು ಹಾಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ಕೊಂಡ 14 ದಿನಗಳೊಳಗೆ ಕಂಪನಿಗೆ ಬರೆದು ಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅರ್ಜಿಯೊಂದಿಗೆ ಕಾರಿನ ಈಗಿನ ಸ್ಥಿತಿಯ ಚಿತ್ರಗಳನ್ನೂ ದುರಸ್ತಿಯ ರಸೀದಿಗಳನ್ನೂ ಕೊಟ್ಟು, ಅವುಗಳ ಒಂದು ಪ್ರತಿಯನ್ನು ನೋಂದಣಿ ಪತ್ರದ ಜೊತೆಯಲ್ಲಿಯೇ ಇಟ್ಟುಕೊಳ್ಳಿ. ಮುಂದೆ ಆ ಕಾರನ್ನು ನಿಮ್ಮಿಂದ ಕೊಳ್ಳುವವರು ಅವನ್ನು ಕೇಳುತ್ತಾರೆ.